ಚಪ್ಪಾಳೆ ಸಾಕು, ಅವನಿಗೆ ಚೆಂಡು ಕೊಡಿ

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ತಮ್ಮನಿಗೆ 14 ವರ್ಷ, ಡೌನ್ ಸಿಂಡ್ರೋಮ್ ಇದೆ. ಸಂಜೆ ನಾವು ಫುಟ್‌ಬಾಲ್, ಕಬಡ್ಡಿ ಆಡುವಾಗ ಅವನೂ ಬರುತ್ತಾನೆ. ನನ್ನ ಗೆಳೆಯರು ಒಳ್ಳೆಯವರೇ. ಅವನಿಗೆ ಚೆಂಡು ಸಿಕ್ಕರೆ ಎಲ್ಲರೂ ಸರಿದು ನಿಂತು ಗೋಲು ಹೊಡೆಯಲು ಬಿಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮೊದಮೊದಲು ಕುಣಿಯುತ್ತಿದ್ದ. ಈಗ ಗೋಲು ಹೊಡೆದು ಸುಮ್ನೆ ಮನೆಗೆ ಹೊರಟುಬಿಡುತ್ತಾನೆ. ನಮ್ಮದೇನು ತಪ್ಪು ಮಾಸ್ತರ್ರೇ?
– ಒಬ್ಬ ಅಣ್ಣ, ಶಹಾಬಾದ್

ಉತ್ತರ: ನಿಮ್ಮ ತಮ್ಮನಿಗೆ ಗೊತ್ತಾಗಿದೆ, ಅಷ್ಟೇ. ಯಾರೂ ಅಡ್ಡ ಬಾರದ ಗೋಲು ಗೋಲೇ ಅಲ್ಲ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದವನು. ಕಲಬುರಗಿಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದಾಗ ಇಂಥದೇ ಒಬ್ಬ ಹುಡುಗನನ್ನು ವರ್ಷವಿಡೀ ಗೆರೆಯಾಚೆ ನಿಲ್ಲಿಸಿದ್ದೆ. ಹೊರಗೆ ಹೋದ ಚೆಂಡು ತರುವುದು ಅವನ ಕೆಲಸ. ಅವನನ್ನೂ ಸೇರಿಸಿಕೊಂಡಿದ್ದೇನಲ್ಲ ಅಂತ ನನಗೆ ಸಮಾಧಾನ. ಒಂದು ದಿನ ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಕೇಳಿದ, “ನಾ ಯಾವಾಗ ಆಡ್ಲಿರಿ ಸರ?” ಮರುದಿನ ಇಳಿಸಿದೆ. ನಮ್ಮ ಗೋಲಿಗೇ ಹೊಡೆದ. “ಏ, ಆ ಕಡೆ ಹೊಡಿಯೋ!” ಅಂತ ಹುಡುಗರೆಲ್ಲ ಬೈದರು. ಬೈಸಿಕೊಂಡು ಹಲ್ಲು ಬಿಟ್ಟು ನಕ್ಕ.

ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ 1968ರಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್‌ ಕ್ರೀಡೆಗಳಲ್ಲಿ ಯೂನಿಫೈಡ್ ಅನ್ನುವ ಪದ್ಧತಿ ಇದೆ. ಅಂಥ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡ. ಐದು ಜನರ ಫುಟ್‌ಬಾಲ್ ಆದರೆ ಮೈದಾನದಲ್ಲಿ ನಿಮ್ಮ ತಮ್ಮನಂಥವರು 3, ನಿಮ್ಮಂಥವರು 2. ಜಾಸ್ತಿ ಅವರೇ, ನೋಡಿ. ಆ ಇಬ್ಬರೇ ಇಡೀ ಆಟ ಆಡಿಬಿಟ್ಟರೆ ಅದೂ ಅಲ್ಲಿ ತಪ್ಪು. ಎದುರು ತಂಡವೂ ಹೆಚ್ಚುಕಡಿಮೆ ಅದೇ ಬಲದ್ದು ಇರುವಂತೆ ನೋಡಿಕೊಳ್ಳುತ್ತಾರೆ. ಹಾಗಾಗಿ ಗೆದ್ದರೂ ನಿಜ, ಸೋತರೂ ನಿಜ.

ನಿಮ್ಮೂರಲ್ಲಿ ಮನೆಯೊಳಗೇ ಕೂತ ಇನ್ನೂ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಅವರ ತಾಯಂದಿರ ಹತ್ತಿರ ಹೋಗಿ ಕೇಳಿ. ಮೊದಲ ಸಲ ಬೇಡ ಅಂದಾರು. ನೀವೂ ಬಂದು ಕೂತು ನೋಡಿರಿ ಅಂತ ಕರೆಯಿರಿ.

ಆದರೆ ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ಜೋಡಣೆ ಸಡಿಲ ಇರುತ್ತದೆ. ಡಾಕ್ಟರು ಆಗಲಿ ಅನ್ನುವವರೆಗೂ ಕಬಡ್ಡಿ ಬೇಡವೇ ಬೇಡ. ತಲೆಯಿಂದ ಚೆಂಡು ಹೊಡೆಯುವುದೂ ಬೇಡ. ಕೈಕಾಲು ಜುಮ್ಮೆನ್ನುತ್ತದೆ ಅಂದರೆ, ನಡಿಗೆ ಬದಲಾಗಿದೆ ಅನ್ನಿಸಿದರೆ, ಆಟ ನಿಲ್ಲಿಸಿ ತಕ್ಷಣ ತೋರಿಸಿ.

ಕಲಿಸುವಾಗ ಒಂದು ಸಲಕ್ಕೆ ಒಂದೇ ಮಾತು. “ಓಡು, ತಡಿ, ಪಾಸ್ ಕೊಡು” ಅಂತ ಮೂರೂ ಒಟ್ಟಿಗೆ ಕೂಗಬೇಡಿ. ಮಾಡಿ ತೋರಿಸಿ. ಜಾಗ ದಿನಾ ಬದಲಿಸಬೇಡಿ. ನಮ್ಮ ಬಿಸಿಲು ಗೊತ್ತೇ ಇದೆ, ಸಂಜೆ ಐದೂವರೆ ದಾಟಲಿ. ಬಾಯಾರಿದರೂ ಕೆಲವರು ಹೇಳುವುದಿಲ್ಲ, ನೀವೇ ಆಟ ನಿಲ್ಲಿಸಿ ನೀರು ಕೊಡಿ. ಫುಟ್‌ಬಾಲ್ ಬೇಜಾರಾದ ದಿನ ಮೆತ್ತನೆ ಚೆಂಡಿನಲ್ಲಿ ಲಗೋರಿ ಆಡಿ. ಶಹಾಬಾದಿನಲ್ಲಿ ಫರ್ಸಿ ಕಲ್ಲಿನ ಚೂರುಗಳಿಗೇನು ಬರವೇ?

ಡಾಕ್ಟರು ಸರಿ ಅಂದ ಮೇಲೆ ಒಂದು ಸಂಜೆ, ನಿಮ್ಮಲ್ಲಿ ಅವನಷ್ಟೇ ಓಡುವ ಒಬ್ಬ ಹುಡುಗ ಅವನ ಕಾಲಿನಿಂದ ಚೆಂಡು ಕಸಿಯಲಿ. ಸಿಟ್ಟು ಬರುತ್ತದೆ, ಬರಲಿ. ಆಮೇಲೆ ಅವನೇನು ಮಾಡಿದ ಅಂತ ನನಗೆ ಬರೆಯಿರಿ.