ಹ್ಯೂಸ್ಟನ್‌ಗೆ ಹೊರಟ ತಂಗಿಗೆ: ಒಲೆ ಹಚ್ಚದೆ ಉಣ್ಣುವಂಥದ್ದನ್ನು ಇಟ್ಟುಕೋ

ತಂಗೀ,

ನಿನ್ನ ಪ್ರಶ್ನೆ ಓದಿದೆ. ಆಗಸ್ಟ್‌ನಲ್ಲಿ ಬೀದರ್‌ನಿಂದ ಹ್ಯೂಸ್ಟನ್‌ಗೆ ಹೊರಟಿದ್ದೀಯ. ಜೊತೆಗೆ ಗಂಡ, ನಾಲ್ಕು ವರ್ಷದ ಮಗಳು. "ಅಕ್ಕಾ, ಅಲ್ಲಿ ಚಂಡಮಾರುತ ಬಂದರೆ ವಾರಗಟ್ಟಲೆ ಕರೆಂಟ್ ಇರಲ್ವಂತೆ. ಮನೆಯಲ್ಲಿ ಎಷ್ಟು ದಿನದ ಸಾಮಾನು ಇಟ್ಟುಕೊಂಡಿರಬೇಕು? ಊರಿಂದ ಏನೇನು ತರಲಿ? ಇನ್ಶೂರೆನ್ಸ್ ಬೇಕಾ? ಮಗಳ ಸ್ಕೂಲ್ ಹೇಗೆ?" ಅಂತ ಕೇಳಿದ್ದೀಯ. ನಾನೂ ಈಗ ಹ್ಯೂಸ್ಟನ್ನಿನಿಂದ ರಜೆಗೆ ಕಲಬುರಗಿಗೆ ಬಂದಿದ್ದೇನೆ. ಮೇ ತಿಂಗಳ ಬಿಸಿಲು ನಿನಗೆ ಗೊತ್ತೇ ಇದೆ. ಬೆಳಗಿನಿಂದ ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಇಲ್ಲಿ ಕೂತು ಅಮೆರಿಕದಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು ಅಂತ ಬರೆಯುವುದಕ್ಕೆ ನನಗೇ ನಗು ಬರುತ್ತಿದೆ.

ಸಣ್ಣವನ್ನು ಮೊದಲು ಮುಗಿಸಿಬಿಡುತ್ತೇನೆ. ಸರಕಾರಿ ಸ್ಕೂಲ್ ನೀವಿರುವ ಮನೆಯ ವಿಳಾಸದ ಮೇಲೆ ಸಿಗುತ್ತದೆ. ಹಾಗಾಗಿ ಸ್ಕೂಲ್ ನೋಡಿ ಮನೆ ಹಿಡಿಯಿರಿ. ಇನ್ಶೂರೆನ್ಸ್ ಬೇಕು. ಆದರೆ ಬಾಡಿಗೆಯವರ ಸಾದಾ ಇನ್ಶೂರೆನ್ಸ್‌ನಲ್ಲಿ ನೆರೆ ನೀರಿನ ನಷ್ಟ ಬರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಇದೆ, ಸಾಮಾನ್ಯವಾಗಿ 30 ದಿನ ಆದಮೇಲೆ ಜಾರಿಗೆ ಬರುತ್ತದೆ. ಮಳೆ ಸುದ್ದಿ ಕೇಳಿ ಓಡಿಹೋಗಿ ಮಾಡಿಸುವಂಥದ್ದಲ್ಲ. ನೆಲಮಹಡಿ ಬೇಡ, ಮೇಲಿನ ಮನೆ ನೋಡಿ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ನಿನ ಎಷ್ಟೋ ಕಡೆ ನಾಲ್ಕೈದು ದಿನದಲ್ಲಿ ಬಿದ್ದ ಮಳೆ ಕಲಬುರಗಿಗೆ ಇಡೀ ವರ್ಷ ಬೀಳುವ ಮಳೆಗಿಂತ ಜಾಸ್ತಿ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ನೀವು ಸರಿಯಾಗಿ ಅದರ ನಡುವೆ ಬಂದು ಇಳಿಯುತ್ತೀರಿ. ಸೋಫಾ, ಟಿವಿ ಆಮೇಲೆ ಕೊಳ್ಳಿ. ಮೊದಲ ವಾರವೇ ಟಾರ್ಚ್, ಬ್ಯಾಟರಿ ಸೆಲ್ಲು, ಪವರ್ ಬ್ಯಾಂಕ್, ನೀರು ಮನೆಯಲ್ಲಿರಲಿ. ಏಪ್ರಿಲ್ ಕೊನೆಗೆ ಒಂದು ಶನಿವಾರ, ಭಾನುವಾರ, ಸೋಮವಾರ ಇಂಥ ಸಾಮಾನಿಗೆ ಹ್ಯೂಸ್ಟನ್ ಇರುವ ಟೆಕ್ಸಸ್ ರಾಜ್ಯದಲ್ಲಿ ತೆರಿಗೆ ಬಿಡುತ್ತಾರೆ. ಈ ವರ್ಷದ್ದು ನಿನಗೆ ತಪ್ಪಿತು.

ನೀರು ಹಿಡಿದಿಡುವುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? ನಳ ಬಂದ ದಿನ ಡ್ರಮ್ಮು, ಕೊಡ, ಬೋಗುಣಿ ಎಲ್ಲ ತುಂಬಿಟ್ಟುಕೊಂಡೇ ಬೆಳೆದವರು ನಾವು. 2016ರಲ್ಲಿ ನಾನು ಹೋದ ಹೊಸದರಲ್ಲಿ ಅಪಾರ್ಟ್‌ಮೆಂಟ್ ಆಫೀಸಿನ ಹುಡುಗಿಯನ್ನು "ನೀರು ಯಾವ್ಯಾವ ದಿನ ಬಿಡ್ತೀರಿ?" ಅಂತ ಕೇಳಿದ್ದೆ. ಅವಳು ಸುಮ್ನೆ ನನ್ನ ಮುಖ ನೋಡಿದಳು. ನನ್ನ ಇಂಗ್ಲಿಷ್ ತಿಳಿಯಲಿಲ್ಲವೇನೋ ಅಂತ ಇನ್ನೊಮ್ಮೆ ಬಿಡಿಸಿ ಕೇಳಿದೆ. ನಮ್ಮ ಮನೆಯವರು ಇವತ್ತಿಗೂ ಬಂದವರಿಗೆಲ್ಲ ಇದನ್ನು ಹೇಳಿ ನಗಿಸುತ್ತಾರೆ. ನಗಲಿ. 2021ರಲ್ಲಿ ಮಾತ್ರ ಅವರು ನಗಲಿಲ್ಲ.

ಅಲ್ಲಿನವರ ಲೆಕ್ಕ ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ಮೂರು ಜನಕ್ಕೆ ಮೂರು ದಿನ ಅಂದರೆ 34 ಲೀಟರ್, ನಮ್ಮ ಎರಡು ಕೊಡದ ಮೇಲೆ ಸ್ವಲ್ಪ. ನನಗೆ ಅದು ಸಾಲದು ಅನಿಸುತ್ತದೆ, ಒಂದು ವಾರದ್ದು ಇಟ್ಟುಕೋ. ಗಾಳಿ ಬರುವ ಮುಂಚೆ ಬಾತ್‌ಟಬ್ ತುಂಬಿಸು. ಅದು ಕುಡಿಯಲು ಬೇಡ, ಸಂಡಾಸಿಗೆ ಆಗುತ್ತದೆ. ಮಗಳು ಆ ಕಡೆ ಹೋಗದಂತೆ ಬಾಗಿಲು ಹಾಕಿಡು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲರೂ ಚಂಡಮಾರುತ ಅಂತ ಹೆದರಿಸುತ್ತಾರೆ. ನಮಗೆ ಬುದ್ಧಿ ಕಲಿಸಿದ್ದು ಚಳಿ. 2021ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ನಿನಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋಯಿತು. ಗ್ಯಾಸ್ ಬಾವಿಗಳು, ಕರೆಂಟ್ ಮಾಡುವ ಯಂತ್ರಗಳು ಹೆಪ್ಪುಗಟ್ಟಿ ನಿಂತವು. ಟೆಕ್ಸಸ್‌ನ ಕರೆಂಟ್ ಜಾಲ ಬಹುಮಟ್ಟಿಗೆ ಬೇರೆ ರಾಜ್ಯಗಳಿಂದ ಪ್ರತ್ಯೇಕ, ಹಾಗಾಗಿ ಹೊರಗಿನಿಂದ ಹೆಚ್ಚು ತರಿಸುವಂತೆಯೂ ಇರಲಿಲ್ಲ. 40 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಕತ್ತಲೆ. ಅಲ್ಲಿನ ಮನೆ ಕಟ್ಟಿದ್ದು ಸೆಕೆಗೆ. ಗೋಡೆಯೊಳಗಿನ ಪೈಪು ಒಡೆದು ನೀರೂ ನಿಂತಿತು. ಬಂದ ಕಡೆ ಕುದಿಸಿ ಕುಡಿಯಿರಿ ಅಂತ ಹುಕುಂ.

ಯಾವ ಒಲೆಯ ಮೇಲೆ ಕುದಿಸುವುದು? ನಮ್ಮದು ಕರೆಂಟ್ ಒಲೆ. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಜಾಸ್ತಿ ಇರುವುದು ಅದೇ. ನಮ್ಮ ಮನೆಯಲ್ಲಿ ಆಗ ಒಂದು ಚೀಲ ಅಕ್ಕಿ, ತೊಗರಿಬೇಳೆ, ರವೆ, ಗೋಧಿ ಹಿಟ್ಟು ಎಲ್ಲ ಇತ್ತು. ಎರಡು ತಿಂಗಳು ಕೂತು ಉಣ್ಣಬಹುದಿತ್ತು. ಅದರಲ್ಲಿ ಒಂದು ಹಿಡಿಯೂ ಬಾಯಿಗೆ ಬರುವಂತಿರಲಿಲ್ಲ. ನಮ್ಮವರು ಚಂಡಮಾರುತದ ಸುದ್ದಿ ಬಂದ ಕೂಡಲೇ ಇಂಡಿಯನ್ ಅಂಗಡಿಗೆ ಓಡಿ ಮತ್ತೊಂದು ಚೀಲ ಅಕ್ಕಿ ತರುವುದನ್ನು ಈಗಲೂ ನೋಡುತ್ತೇನೆ. ಅದಕ್ಕೆ ಬೇಕಾದ ಬೆಂಕಿ, ನೀರು ಎಲ್ಲಿಂದ ಬರಬೇಕು?

ಕರೆಂಟ್ ಇಲ್ಲದ ಆ ಮೂರು ದಿನ ನಮ್ಮ ಹೊಟ್ಟೆ ತುಂಬಿಸಿದ್ದು ಅವ್ವ ಕಳಿಸಿದ್ದ ಖಡಕ್ ರೊಟ್ಟಿ. ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ, ಒಂದಿಷ್ಟು ಎಣ್ಣೆ ಬಿಟ್ಟು, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿಂದೆವು. ಮಗ ಪಿಜ್ಜಾ ಬಿಟ್ಟು ಬೇರೇನೂ ಕೇಳದವನು, ಕಂಬಳಿಯೊಳಗೆ ಕೂತು ಕಟಕಟ ಕಡಿಯುತ್ತಿದ್ದ. ಬರಗಾಲ ಕಂಡ ಸೀಮೆಯ ಊಟ ಅದು. ನೀರಿಲ್ಲದೆ, ಬೆಂಕಿಯಿಲ್ಲದೆ ಆಗುವಂತೆ ಹಿರಿಯರು ಮಾಡಿಟ್ಟಿದ್ದಾರೆ.

ಈಗ ಹೇಳುವುದನ್ನು ನಿನ್ನ ಗಂಡನಿಗೂ ಓದಿಸು. ನಮ್ಮ ಕಾಂಪ್ಲೆಕ್ಸಿನಲ್ಲೇ ನಮ್ಮ ಕಡೆಯ ಒಂದು ಸಂಸಾರ ಇತ್ತು. ಮಗು ಚಳಿಗೆ ನಡುಗುತ್ತಿದೆ ಅಂತ ಇದ್ದಿಲು ಗ್ರಿಲ್ ಒಳಗೆ ತಂದು ಹಚ್ಚಿದರು. ಊರಲ್ಲಿ ಸಿಗಡಿ ಒಲೆ ಹಚ್ಚಿಕೊಂಡು ಕೂರುವುದಿಲ್ಲವೇ, ಹಾಗೆ. ನಮ್ಮ ಹಳೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ, ಬಾಗಿಲ ಸಂದಿನಿಂದ ಗಾಳಿ ಆಡುತ್ತದೆ. ಅಲ್ಲಿನ ಮನೆ ಡಬ್ಬಿಯಂತೆ ಬಿಗಿ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೆಂಡತಿಗೆ ತಲೆ ಸಿಡಿದು ವಾಂತಿ ಬಂದು ಎಚ್ಚರವಾಯಿತು. ಗಂಡನನ್ನು ಎಬ್ಬಿಸಿದರೆ ಏಳಲಿಲ್ಲ. ಮಗುವನ್ನು ಎಳೆದುಕೊಂಡು ಹೊರಗೆ ಬಂದು ಕೂಗಿಕೊಂಡಳು. ಆಂಬುಲೆನ್ಸ್ ಬಂತು, ಮೂವರೂ ಉಳಿದರು. ಎಲ್ಲರಿಗೂ ಆ ಪುಣ್ಯ ಇರಲಿಲ್ಲ. ಆ ಚಳಿಯಲ್ಲಿ ಟೆಕ್ಸಸ್‌ನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಕೆಲವರನ್ನು ಕೊಂದದ್ದು ಇದೇ ಗಾಳಿ. ಗ್ಯಾರೇಜಿನಲ್ಲಿ ಕಾರು ಚಾಲು ಮಾಡಿ ಹೀಟರ್ ಹಾಕಿಕೊಂಡು ಕೂತವರೂ ಹೋದರು. ಇದ್ದಿಲು, ಕ್ಯಾಂಪಿಂಗ್ ಒಲೆ, ಜನರೇಟರ್ ಯಾವುದೂ ಮನೆಯೊಳಗೆ ಬೇಡ, ಬಾಲ್ಕನಿಯಲ್ಲೂ ಬೇಡ. ಜನರೇಟರ್ ಮನೆಯಿಂದ 20 ಅಡಿ ಆಚೆ ಇರಬೇಕು. ಆ ಗಾಳಿ ಪತ್ತೆ ಮಾಡುವ ಬ್ಯಾಟರಿ ಅಲಾರ್ಮ್ ಅಂಗಡಿಯಲ್ಲಿ ಸಿಗುತ್ತದೆ. ಮನೆ ಹೊಕ್ಕ ದಿನವೇ ಒಂದು ಹಾಕಿಸು.

ಕುದಿಸಲು ಆಗದಿದ್ದರೆ ನೀರಿಗೆ ಬ್ಲೀಚ್, ಅಂದರೆ ಬಟ್ಟೆ ಬಿಳುಪು ಮಾಡುವ ದ್ರವ, ಹಾಕಬಹುದು. ವಾಸನೆ ಸೇರಿಸದ ಸಾದಾ ಬ್ಲೀಚ್ ಆಗಬೇಕು. ಬಾಟಲಿ ಮೇಲೆ ಶೇ 6 ಅಂತಿದ್ದರೆ ಗ್ಯಾಲನ್‌ಗೆ 8 ಹನಿ, ಶೇ 8.25 ಅಂತಿದ್ದರೆ 6 ಹನಿ. ಕಲಸಿ ಅರ್ಧ ತಾಸು ಬಿಟ್ಟು ಕುಡಿಯಿರಿ.

ಊರಿಂದ ಏನು ತರಬೇಕು ಅಂದೆಯಲ್ಲ. ರೊಟ್ಟಿ ತಾ. ಇಲ್ಲಿ ಮಹಿಳಾ ಸಂಘದವರು ಮಾಡುವ ಕಲಬುರಗಿ ರೊಟ್ಟಿ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಮನೆಯಲ್ಲಿ ಬಡಿದದ್ದಾದರೆ ಇನ್ನೂ ಚೆನ್ನ. ಒಂದು ಮಾತು ನೆನಪಿಡು: ಇಲ್ಲಿ ಬುಟ್ಟಿಯಲ್ಲಿ ಬಿಳಿ ಬಟ್ಟೆ ಮುಚ್ಚಿಟ್ಟರೆ ರೊಟ್ಟಿ ತಿಂಗಳುಗಟ್ಟಲೆ ಗರಿಗರಿ ಇರುತ್ತದೆ, ಹ್ಯೂಸ್ಟನ್ನಿನ ಹಸಿ ಹವೆಗೆ ನಾಲ್ಕು ದಿನಕ್ಕೆ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಇಲ್ಲೇ ಎರಡು ದಿನ ಚೆನ್ನಾಗಿ ಒಣಗಿಸು. ನಾಲ್ಕು ತುಂಡು ಮಾಡಿ, ಐದೈದು ರೊಟ್ಟಿಯಷ್ಟು ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡು. ಇಡೀ ರೊಟ್ಟಿ ತರಲು ಹೋಗಬೇಡ, ವಿಮಾನದಲ್ಲಿ ಹೇಗೂ ಪುಡಿಯಾಗುತ್ತದೆ. ಹಿಂಡಿಯಲ್ಲಿ ಶೇಂಗಾದ್ದು, ಗುರೆಳ್ಳಿನದು ತಾ. ಅಗಸಿ ಹಿಂಡಿ ನನಗೆ ಇಷ್ಟ, ಆದರೆ ಬೇಗ ಜಿಡ್ಡು ವಾಸನೆ ಬರುತ್ತದೆ, ಸ್ವಲ್ಪವೇ ಸಾಕು. ಉಪ್ಪಿನಕಾಯಿಗೆ ಎಣ್ಣೆ ಮೇಲೆ ನಿಲ್ಲುವಷ್ಟು ಇರಲಿ.

ಅಕ್ಕಿ, ಬೇಳೆ, ಕಾಳು ತರಬೇಡ, ಕಸ್ಟಮ್ಸ್‌ನವರು ತಡೆಯುತ್ತಾರೆ. ಬಿತ್ತಿದರೆ ಮೊಳೆಯುವಂಥದ್ದು ಯಾವುದೂ ಬೇಡ ಅಂತ ಇಟ್ಟುಕೋ. ಬ್ಯಾಗಿನಲ್ಲಿ ತಿನ್ನುವುದೇನಿದೆ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು, ಮುಚ್ಚಿಟ್ಟರೆ ದಂಡ. ಬೇಳೆ, ಜೋಳದ ಹಿಟ್ಟು ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. 2019ರಲ್ಲಿ ಜಿಐ ಟ್ಯಾಗ್ (ಆ ಸೀಮೆಯದೇ ಅನ್ನುವ ಗುರುತು) ಸಿಕ್ಕ ನಮ್ಮ ಗುಲ್ಬರ್ಗ ಬೇಳೆಯ ರುಚಿ ಅದಕ್ಕಿಲ್ಲ, ಏನು ಮಾಡುವುದು. ಅಲ್ಲೇ ಡಬ್ಬಿ ಕಡಲೆ, ರಾಜ್ಮಾ, ಹಣ್ಣು, ಮಗುವಿಗೆ ಹಾಲಿನ ಪುಡಿ, ಪೀನಟ್ ಬಟರ್ ಕೊಂಡಿಡು. ಡಬ್ಬಿ ಕೊಯ್ಯುವ ಕೈ ಓಪನರ್ ಮರೆಯಬೇಡ.

ಫ್ರಿಜ್ ನಂಬಿ ಪಲ್ಯ, ಸಾರು ಮಾಡಿ ತುಂಬಬೇಡ. ಕರೆಂಟ್ ಹೋದ ಮೇಲೆ ಫ್ರಿಜ್ಜಿನ ಊಟಕ್ಕೆ 4 ತಾಸು, ತುಂಬಿದ ಫ್ರೀಜರ್ ತೆಗೆಯದೆ ಇಟ್ಟರೆ 48 ತಾಸು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು, ಕೆಲವರಿಗೆ ಒಂದು ವಾರ ದಾಟಿದರೂ ಬರಲಿಲ್ಲ. ಆಮೇಲೆ ಸುಡು ಸೆಕೆ. ನಾವು ಬಿಸಿಲಿನವರು ತಡೀತೀವಿ ಅಂತ ಜಂಬ ಬೇಡ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವ ನಮ್ಮ ಉಪಾಯ ಆ ಹಸಿ ಹವೆಯಲ್ಲಿ ನಡೆಯುವುದಿಲ್ಲ. ಕರೆಂಟ್ ಇರುವ ಲೈಬ್ರರಿಗೋ ಗೆಳೆಯರ ಮನೆಗೋ ಮಗಳನ್ನು ಕರೆದುಕೊಂಡು ಹೋಗು.

ನಾನು ಜೂನ್ ಮೊದಲ ವಾರ ಹೊರಡುತ್ತೇನೆ. ಬ್ಯಾಗಿನಲ್ಲಿ ಇನ್ನೂ ಎರಡು ಕಿಲೋ ಜಾಗ ಇದೆ. ರೊಟ್ಟಿ, ಹಿಂಡಿ ಏನಾದರೂ ಮುಂಚೆ ಕಳಿಸುವುದಾದರೆ ಕಲಬುರಗಿಗೆ ಬರುವ ಯಾರ ಕೈಯಲ್ಲಾದರೂ ಕೊಟ್ಟು ಕಳಿಸು. ಬೆಳ್ಳುಳ್ಳಿ ಹಾಕಿದ ಹಿಂಡಿಗೆ ಮಾತ್ರ ಎರಡು ಕವರ್ ಸುತ್ತು. ಹೋದ ಸಲ ನನ್ನ ಸೀರೆಗಳೆಲ್ಲ ಒಂದು ತಿಂಗಳು ಘಮಗುಟ್ಟಿದವು.