ಅರಳು ಮರಳಿನ ಹೆಸರಿನಲ್ಲಿ ಎಷ್ಟು ದಿನ ಮುಚ್ಚಿಡುತ್ತೀರಿ, ಮೇಷ್ಟ್ರೇ?

ಪತ್ರ: ನನಗೆ 74. ಹೆಸರುಗಳು ಥಟ್ಟನೆ ಬಾಯಿಗೆ ಬರುವುದಿಲ್ಲ. ಈಚೆಗೆ ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದೆ. ಡಾಕ್ಟರ ಹತ್ತಿರ ಹೋಗೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ಸಂಜೆ ಕೂಡುವ ನಮ್ಮ ಗೆಳೆಯರದೆಲ್ಲ ಒಂದೇ ಮಾತು: ಅರವತ್ತಕ್ಕೆ ಅರಳು ಮರಳು, ಇದಕ್ಕೂ ಪರೀಕ್ಷೆಯೇ? ಮದ್ದಿಲ್ಲದ ಕಾಯಿಲೆಯ ಹೆಸರು ತಿಳಿದು ಏನು ಮಾಡಲಿ? ನಮ್ಮನ್ನು ನೆಮ್ಮದಿಯಾಗಿರಲು ಬಿಡಿ ಎಂದು ಮಕ್ಕಳಿಗೆ ನೀವಾದರೂ ನಾಲ್ಕು ಮಾತು ಹೇಳಬಾರದೇ?
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ಒಪ್ಪುವ ಮಾತನ್ನು ಮೊದಲು ಹೇಳಿಬಿಡುತ್ತೇವೆ. ತಿಳಿದುಕೊಳ್ಳದೆ ಇರುವುದೂ ನಿಮ್ಮ ಹಕ್ಕು. ಒಪ್ಪಿಗೆಯಿಲ್ಲದೆ ಯಾರೂ ನಿಮ್ಮನ್ನು ಪರೀಕ್ಷೆಗೆ ಎಳೆದೊಯ್ಯಬಾರದು. ಹೆಸರು ತಡವಾಗಿ ನೆನಪಾಗುವುದೊಂದೇ ಕಾಯಿಲೆಯ ಗುರುತಲ್ಲ ಎಂಬುದೂ ನಿಜ. ಆದರೆ ನಿಮ್ಮ ಗೆಳೆಯರ ಪಕ್ಷ ವಹಿಸುವುದು ಮಾತ್ರ ನಮ್ಮಿಂದಾಗದು.

ಅವರ ನಂಬಿಕೆ ಅವರೊಬ್ಬರದಲ್ಲ. 2024ರ ವಿಶ್ವ ಆಲ್ಝೈಮರ್ ವರದಿಗಾಗಿ ನಡೆದ ಸಮೀಕ್ಷೆಯಲ್ಲಿ ಶೇ. 80ರಷ್ಟು ಜನಸಾಮಾನ್ಯರು ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಕಾಯಿಲೆ) ಎಂದರೆ ಮುಪ್ಪಿನ ಸಹಜ ಭಾಗ ಎಂದೇ ಹೇಳಿದ್ದಾರೆ. ಆರೋಗ್ಯ ಸೇವೆಯಲ್ಲಿ ಇರುವವರಲ್ಲೂ ಶೇ. 65ರಷ್ಟು ಮಂದಿಯದು ಅದೇ ಮಾತು! ವಯಸ್ಸಿನೊಂದಿಗೆ ಅಪಾಯ ಹೆಚ್ಚುತ್ತದೆ, ಸರಿ. ಆದರೆ 85 ದಾಟಿದವರಲ್ಲೂ ಹೆಚ್ಚಿನವರಿಗೆ ಈ ಕಾಯಿಲೆ ಇರುವುದಿಲ್ಲ. ಹೆಚ್ಚಿನವರಿಗೆ ಬಾರದ್ದು ಸಹಜ ಹೇಗಾದೀತು?

ಹಾಗಾದರೆ ಗೆರೆ ಎಲ್ಲಿದೆ? ಮಧ್ಯಾಹ್ನ ಸಿಗದ ಹೆಸರು ರಾತ್ರಿ ತಾನಾಗಿ ನೆನಪಾದರೆ ಅದು ನಿಧಾನ, ಅಷ್ಟೇ. ನಿಮ್ಮ ಬಿಲ್ಲಿನ ವಿಷಯಕ್ಕೇ ಬನ್ನಿ. ಮೊದಲ ರಸೀದಿ ಕಂಡೊಡನೆ 'ಅಯ್ಯೋ, ಹೌದು, ಕಟ್ಟಿದ್ದೆ' ಎಂದು ಹೊಳೆಯಿತೋ, ಇಲ್ಲ ರಸೀದಿ ಕೈಯಲ್ಲಿದ್ದರೂ 'ನಾನು ಕಟ್ಟೇ ಇಲ್ಲ' ಎನಿಸಿತೋ? ಮೊದಲನೆಯದರಲ್ಲಿ ನೆನಪು ಒಳಗಿದೆ, ಸುಳಿವು ಸಿಕ್ಕಾಗ ಬಂತು. ಎರಡನೆಯದರಲ್ಲಿ ಅದು ದಾಖಲೇ ಆಗಿಲ್ಲದಿರಬಹುದು. ದಿನವೂ ನಡೆಯುವ ದಾರಿ ತಪ್ಪುವುದು, ಹೇಳಿದ್ದನ್ನೇ ಹತ್ತು ನಿಮಿಷದಲ್ಲಿ ಮತ್ತೆ ಹೇಳುವುದು, ವರ್ಷಗಟ್ಟಲೆ ಮಾಡಿದ ಕೆಲಸದ ಹಂತಗಳು ಹಿಂದುಮುಂದಾಗುವುದು, ಇವು ಎರಡನೆಯ ಗುಂಪಿನವು. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ದಿಢೀರನೆ ಗೊಂದಲ ಶುರುವಾದರೆ ಅದು ಬೇರೆಯೇ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ, ಅಂದೇ ಡಾಕ್ಟರ ಬಳಿ ಓಡಬೇಕು.

'ಮದ್ದಿಲ್ಲದ ಕಾಯಿಲೆ' ಎಂದಿರಲ್ಲ, ನಮಗೆ ತಡೆಯಲಾಗದ್ದು ಆ ಮಾತೇ. ಮೊದಲ ಭೇಟಿಯಲ್ಲಿ ಡಾಕ್ಟರು ಹುಡುಕುವುದೇ ಮದ್ದಿರುವ ಕಾರಣಗಳನ್ನು. ಬಿ12 ಕೊರತೆ, ಥೈರಾಯ್ಡ್ ಕುಗ್ಗಿರುವುದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಅಸಿಡಿಟಿಗೆ ಗುಳಿಗೆ ಎಂದು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುವುದುಂಟು. ನಿದ್ದೆ ಮಾತ್ರೆ, ಕೆಲವು ಹಳೆಯ ನೆಗಡಿ–ಅಲರ್ಜಿ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಕೆಲವು ಮಾತ್ರೆ ನೆನಪನ್ನು ಮಂಕಾಗಿಸುತ್ತವೆ. ಖಿನ್ನತೆಯೂ ಮರೆವಿನ ವೇಷ ಹಾಕುತ್ತದೆ. ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ನಂತರ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಂತಿರಬಹುದು. ಕಾಲೆಳೆದು ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಒಟ್ಟಿಗೆ ಬಂದರೆ ಮೆದುಳಿನಲ್ಲಿ ನೀರು ತುಂಬಿದೆಯೇ ಎಂದು ನೋಡುತ್ತಾರೆ. ಅರಳು ಮರಳು ಎಂದು ನಕ್ಕು ಎದ್ದು ಹೋದರೆ ಇವೆಲ್ಲವೂ ಹಾಗೇ ಉಳಿಯುತ್ತವೆ.

ಡಿಮೆನ್ಶಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಆಲ್ಝೈಮರ್ ಕಾಯಿಲೆ ಎಂದೇ ಗೊತ್ತಾದರೆ? ಅದನ್ನು ಬುಡಸಮೇತ ತೆಗೆಯುವ ಔಷಧ ಇಲ್ಲ, ಸುಳ್ಳು ಹೇಳುವುದಿಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಿಗೆ ಕೆಲಕಾಲ ಆಸರೆಯಾಗುತ್ತವೆ. ಲೆಕಾನೆಮ್ಯಾಬ್ ಎಂಬ ಹೊಸ ಔಷಧ ಆರಂಭದ ಹಂತದಲ್ಲಿ 18 ತಿಂಗಳ ಪ್ರಯೋಗದಲ್ಲಿ ಕುಸಿತವನ್ನು ಶೇ. 27ರಷ್ಟು ನಿಧಾನಿಸಿತು. ಮೆದುಳಿನ ಬಾವು, ರಕ್ತಸ್ರಾವದ ಅಪಾಯವೂ ಅದರ ಜೊತೆಗಿದೆ. ತಡವಾಗಿ ಹೋದವರಿಗೆ ಆ ಆಯ್ಕೆಯೂ ಇಲ್ಲ. ಅದಕ್ಕಿಂತ ದೊಡ್ಡದು ನಿಮ್ಮ ಸಹಿ. ಉಯಿಲು, ಬ್ಯಾಂಕ್ ವ್ಯವಹಾರ, ಮುಂದೆ ನಿಮ್ಮ ಪರವಾಗಿ ಯಾರು ತೀರ್ಮಾನಿಸಬೇಕು, ಯಾವ ಚಿಕಿತ್ಸೆ ಬೇಡ, ಇದನ್ನೆಲ್ಲ ನೀವೇ ಬರೆದಿಡಲು ಆಗುವುದು ಈಗ. ನಾಲ್ಕು ವರ್ಷ ತಡವಾದರೆ ಆ ಸಹಿಗೆ ಕಾನೂನಿನ ಬೆಲೆ ಇಲ್ಲದೆ ಹೋಗಬಹುದು. ಆಗ ನೀವು ಬೇಡವೆನ್ನುವ ಮಕ್ಕಳ ತೀರ್ಮಾನವೇ ನಿಮ್ಮ ಪಾಲಿಗೆ ಉಳಿಯುವುದು.

ಹೋಗುವುದಾದರೆ ಸಿದ್ಧವಾಗಿ ಹೋಗಿ. ಏನು ಮರೆತಿರಿ, ಎಂದಿನಿಂದ, ಹೆಚ್ಚುತ್ತಿದೆಯೇ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮಗಳು ತನಗೆ ಕಂಡದ್ದನ್ನು ಬೇರೆ ಹಾಳೆಯಲ್ಲಿ ಬರೆಯಲಿ. ಅಂಗಡಿಯಲ್ಲಿ ನೀವಾಗಿ ಕೊಂಡ ಮಾತ್ರೆಗಳೂ ಸೇರಿ ಎಲ್ಲ ಔಷಧಗಳನ್ನು ಚೀಲದಲ್ಲಿ ಒಯ್ಯಿರಿ. ಕನ್ನಡಕ, ಶ್ರವಣಯಂತ್ರ ಮರೆಯಬೇಡಿ. ಪ್ರಶ್ನೆ ಕೇಳಿಸದೆ ತಪ್ಪು ಹೇಳಿ ಅಂಕ ಕಳೆದುಕೊಳ್ಳುವವರಿಗೆ ಲೆಕ್ಕವಿಲ್ಲ.

ಪರೀಕ್ಷೆ ಎಂದರೆ ಹೆದರುವಂಥದ್ದೇನೂ ಅಲ್ಲ. ನೆನಪು, ಯೋಚನಾಶಕ್ತಿ ಅಳೆಯುವ ಮೋಕಾ ಎಂಬ ಪರೀಕ್ಷೆ 30 ಅಂಕದ್ದು, ಹತ್ತು–ಹದಿನೈದು ನಿಮಿಷ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎನ್ನುತ್ತಾರೆ. 'ಹತ್ತು' ಎಂದು ಕೇಳಿದರೂ ಉದ್ದ ಮುಳ್ಳು 2ರ ಮೇಲೆ ಹೋಗಬೇಕು. ಯೋಜಿಸುವ ಶಕ್ತಿ ಸೋತಾಗ ಕೈ ಸೀದಾ 10ರತ್ತ ಹೋಗುತ್ತದೆ. 26 ಮತ್ತು ಮೇಲೆ ಸಾಮಾನ್ಯ ಎನ್ನುವುದು ರೂಢಿ. ಆದರೆ ಓದು ಕಡಿಮೆಯಿದ್ದವರು ಚೆನ್ನಾಗಿದ್ದೂ ಕೆಳಗಿಳಿಯುತ್ತಾರೆ, ನಿಮ್ಮಂತೆ ಬದುಕೆಲ್ಲ ಪಾಠ ಹೇಳಿದವರು ಕುಸಿತ ಶುರುವಾಗಿದ್ದೂ 28 ತೆಗೆಯಬಲ್ಲರು. ಮಗಳ ಹಾಳೆ ಬೇಕಾಗುವುದು ಅದಕ್ಕೇ. ಅಂಕಪಟ್ಟಿ ಇಟ್ಟುಕೊಳ್ಳಿ, ಆರು ತಿಂಗಳೋ ವರ್ಷವೋ ಕಳೆದು ಮತ್ತೆ ಮಾಡಿದಾಗಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ನಿಮ್ಮ ಸಂಜೆಯ ಗುಂಪಿಗೂ ಒಂದು ಮಾತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಿದರೆ ಡಿಮೆನ್ಶಿಯಾದ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಹೊಗೆಬತ್ತಿ, ಒಂಟಿತನ ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ. ಪದಬಂಧ ಬಿಡಿಸುತ್ತೇವೆ ಎಂದು ಬೀಗುವ ಎಷ್ಟೋ ಹಿರಿಯರು ಶ್ರವಣಯಂತ್ರ ಎಂದರೆ ಮುದುಕರಾದಂತೆ ಎಂದು ಮುಖ ತಿರುಗಿಸುತ್ತಾರೆ. ನೆನಪಿನ ಟಾನಿಕ್ ಮಾರುವವರಿಗೆ ಇವರೇ ಗಿರಾಕಿಗಳು.

ಇನ್ನು ನಮ್ಮ ಸಿಟ್ಟು ವೈದ್ಯರ ಕಡೆಗೂ ಇದೆ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ 51 ವರ್ಷದ ಆಗುಸ್ಟೆ ಡೆಟರ್ ದಾಖಲಾದರು. ಅರವತ್ತೂ ಆಗಿರಲಿಲ್ಲ, ಗಮನಿಸಿ. ಮುಂದೆ ಈ ಕಾಯಿಲೆಗೆ ಯಾರ ಹೆಸರು ಬಂತೋ ಆ ವೈದ್ಯ ಅಲೋಯಿಸ್ ಆಲ್ಝೈಮರ್ ಎದುರು ಕೂತು ಕೇಳಿದರು: ಹೆಸರೇನು? 'ಆಗುಸ್ಟೆ.' ಮನೆತನದ ಹೆಸರು? 'ಆಗುಸ್ಟೆ.' ಗಂಡನ ಹೆಸರು? ಅದಕ್ಕೂ ಆಗುಸ್ಟೆ ಎಂದೇ ಉತ್ತರ. ಒಂದೊಂದನ್ನೂ ಅವರು ಬರೆದುಕೊಂಡರು. ಇಂದು ಎಷ್ಟೋ ಕಡೆ ಹಿರಿಯರು ಎದುರಿಗೇ ಕೂತಿದ್ದರೂ ಪ್ರಶ್ನೆ ಮಗನಿಗೆ, ಉತ್ತರ ಮಗನಿಂದ, ಫಲಿತಾಂಶ ಹೊರಗೆ ಕರೆದು ಮಗನ ಕಿವಿಯಲ್ಲಿ. ಹೀಗೆ ನಡೆಸಿಕೊಂಡರೆ ಯಾವ ಹಿರಿಯರು ತಾವಾಗಿ ಬಾಗಿಲು ತಟ್ಟುತ್ತಾರೆ? ಕೂತ ಕೂಡಲೇ ನೀವೇ ಹೇಳಿಬಿಡಿ: 'ಪ್ರಶ್ನೆ ನನ್ನನ್ನು ಕೇಳಿ, ಫಲಿತಾಂಶ ಮೊದಲು ನನಗೆ ತಿಳಿಸಿ. ಮಗಳಿಗೆ ಏನು ಹೇಳಬೇಕೆಂದು ಆಮೇಲೆ ನಾನು ಹೇಳುತ್ತೇನೆ.'

– ಸಂಪಾದಕ