ಹಳೆಯ ವಸತಿಗೃಹದ ದುರಸ್ತಿ: ಅಂಗಳ ಮೊದಲೋ, ಗೋಡೆ ಮೊದಲೋ?

ಪ್ರಶ್ನೆ: ನಮ್ಮದು 150 ವರ್ಷ ದಾಟಿದ ವಸತಿಗೃಹ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆಗಳು. ಒಳಗೆ ಮೂರಡಿ ಎತ್ತರದವರೆಗೂ ತೇವ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ಎರಡೇ ವರ್ಷಕ್ಕೆ ಉಬ್ಬಿ ಕಿತ್ತುಬಂತು. ಈಗ ಅಂಗಳ ಅಗೆಸಿ ಕೊಠಡಿಗಳನ್ನೂ ಸರಿಪಡಿಸಬೇಕು. ಯಾವುದರಿಂದ ಶುರು ಮಾಡಲಿ?

ಉತ್ತರ: ಅಂಗಳದಿಂದಲೇ ಶುರು ಮಾಡಿ. ನೀರು ಬರುವ ದಾರಿ ಮುಚ್ಚದೆ ಗೋಡೆಗೆ ಏನು ಬಳಿದರೂ ದಂಡ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳಗೇ ಸಿಕ್ಕಿಕೊಂಡ ನೀರಿನಲ್ಲಿರುವ ಲವಣ ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಮುಂದಕ್ಕೆ ನೂಕುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ.

ಹಳೆಯ ಕಟ್ಟಡಗಳ ಸುತ್ತ ಮಣ್ಣು, ಹಾಸುಗಲ್ಲು ಸೇರುತ್ತಾ ಹೊರನೆಲ ಏರಿರುತ್ತದೆ. ಒಳನೆಲಕ್ಕಿಂತ ಹೊರನೆಲ 150ರಿಂದ 200 ಮಿ.ಮೀ. ಕೆಳಗಿರಲಿ, ಗೋಡೆಯಿಂದ ಆಚೆಗೆ 40ಕ್ಕೆ 1ರಷ್ಟು ಇಳಿಜಾರು ಕೊಡಿ. ಗೋಡೆಯ ಪಕ್ಕ ನೀರು ಹರಿದುಹೋಗಲು ಕಾಲುವೆ ಅಗೆಯುವ ಮೊದಲು ಅಡಿಪಾಯ ಎಷ್ಟು ಆಳಕ್ಕಿದೆ ಎಂದು ಒಂದೆರಡು ಕಡೆ ಸಣ್ಣ ಗುಂಡಿ ತೋಡಿ ನೋಡಲೇಬೇಕು. ಹಳೆಯ ಅಡಿಪಾಯ ಹಲವು ಸಲ ತೀರಾ ಮೇಲೇ ಮುಗಿದಿರುತ್ತದೆ. ಅದರ ತಳದ ಹೊರ ಅಂಚಿನಿಂದ 45 ಡಿಗ್ರಿಯಲ್ಲಿ ಕೆಳಗಿಳಿಯುವ ಗೆರೆಯೊಂದನ್ನು ಊಹಿಸಿಕೊಳ್ಳಿ. ಕಾಲುವೆ ಆ ಗೆರೆಯನ್ನು ದಾಟಿದರೆ ಗೋಡೆ ಕುಸಿಯುವ ಅಪಾಯವಿದೆ. ಕಾಲುವೆಯೊಳಗೆ ರಂಧ್ರವಿರುವ 100 ಮಿ.ಮೀ. ಪೈಪನ್ನು 100ಕ್ಕೆ 1ರ ಇಳಿಜಾರಿನಲ್ಲಿಟ್ಟು, ಸುತ್ತ 20 ಮಿ.ಮೀ. ಜಲ್ಲಿ ತುಂಬಿ, ಮಣ್ಣು ಸೇರದಂತೆ ಸೋಸುಬಟ್ಟೆ ಹೊದಿಸಿ. ಮಾಳಿಗೆಯ ನೀರನ್ನು ಇದಕ್ಕೆ ಬಿಡಬೇಡಿ, ಅದಕ್ಕೆ ಬೇರೆ ಪೈಪ್ ಇರಲಿ.

ಪಾರಂಪರಿಕ ಕಟ್ಟಡವೆಂದು ನೋಂದಣಿಯಾಗಿದ್ದರೆ ಗುದ್ದಲಿ ಹಾಕುವ ಮೊದಲೇ ಅನುಮತಿ ಪಡೆಯಿರಿ. ಹಳೆಯ ಹಾಸು, ಬಾವಿಕಟ್ಟೆ ಏನಾದರೂ ಕಂಡರೆ ಕೆಲಸ ನಿಲ್ಲಿಸಿ, ಅಳತೆ ಮತ್ತು ಫೋಟೊ ತೆಗೆಯಿರಿ. ಎತ್ತುವ ಪ್ರತಿ ಕಲ್ಲಿಗೂ ಸಂಖ್ಯೆ ಬರೆಯಿಸಿ. ಒಮ್ಮೆ ಕೆದಕಿದ್ದನ್ನು ಮತ್ತೆ ಓದಲಾಗದು.

ಆಮೇಲೆ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ನಿಧಾನವಾಗಿ ಬಿಡಿಸಿ. ಯಂತ್ರ ಹಿಡಿದರೆ ಕಲ್ಲಿನ ಅಂಚು ಮುರಿಯುತ್ತದೆ. ಗೋಡೆ ಒಣಗಲು ಬಿಡಿ: ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಸ್ಥೂಲ ಲೆಕ್ಕ. ಈ ಕಾಯುವಿಕೆಗೆ ತಾಳ್ಮೆ ಸಾಲದೆಯೇ ಎಷ್ಟೋ ದುರಸ್ತಿಗಳು ಕೆಡುತ್ತವೆ.

ಸಂದುಗಳನ್ನು ಅವುಗಳ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಒರಟು ಮರಳಿನ ಗಾರೆ ಒತ್ತಿ ತುಂಬಿ. ಗಟ್ಟಿಯಾಗಲೆಂದು ಒಂದು ಹಿಡಿ ಸಿಮೆಂಟ್ ಸೇರಿಸುವವರಿದ್ದಾರೆ, ಖಂಡಿತ ಬೇಡ. ವಾರದವರೆಗೆ ಒದ್ದೆ ಗೋಣಿತಾಟು ಇಳಿಬಿಡಿ. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಪುಡಿಪುಡಿಯಾಗುತ್ತದೆ. ಕೊನೆಗೆ ಬಣ್ಣದ ಬದಲು ತೆಳುವಾಗಿ ಮೂರು ನಾಲ್ಕು ಸಲ ಸುಣ್ಣ ಬಳಿಯಿರಿ.

ತೊಲೆಗಳ ತುದಿ ಗೋಡೆಯೊಳಗೆ ಕೊಳೆತಿದೆಯೇ ಎಂದು ಚೂಪಾದ ಕಡ್ಡಿ ಚುಚ್ಚಿ ನೋಡುವುದನ್ನು ಮರೆಯಬೇಡಿ. ಪ್ಲಾಸ್ಟರ್ ಬಿಚ್ಚಿರುವಾಗಲೇ ಅದು ಸುಲಭ.